ಸಲ್ಮಾಳ ಪಾದದ ಅಳತೆ

ಮೊನ್ನೆ ಮಧ್ಯಾಹ್ನ ಡಬ್ಬಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದೆ. ಹನಾನ್ ಫೋನ್ ಹಿಡಿದುಕೊಂಡು ಓಡಿಬಂದಳು. ಅಳತೆ ಬಂತು, ಅಳತೆ ಬಂತು ಎಂದಳು.

ಅವಳ ಮುಖದಲ್ಲಿ ನಗು ಇತ್ತು. ಎಷ್ಟೋ ತಿಂಗಳ ಮೇಲೆ ನೋಡಿದ ನಗು...

ಗೊತ್ತಿಲ್ಲದವರಿಗೆ ಹೇಳುತ್ತೇನೆ. ಅಮೆರಿಕದ ಫಾರ್ಮಿಂಗ್ಟನ್ ಹಿಲ್ಸ್‌ನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೃತಕ ಕಾಲು ಮಾಡುವುದು ನನ್ನ ಕೆಲಸ. ಹನಾನ್ ಅಲ್ಲಿ ಫ್ರಂಟ್ ಡೆಸ್ಕ್ ನೋಡಿಕೊಳ್ಳುತ್ತಾಳೆ. ಅವಳ ಅಣ್ಣನ ಮಗಳು ಸಲ್ಮಾ ಇರುವುದು ಗಾಜಾದಲ್ಲಿ.

ಎಂಟು ವರ್ಷದ ಹುಡುಗಿ. ಬಾಂಬ್ ಬಿದ್ದ ದಿನ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ಆ ಬಾಂಬ್ ಯಾವ ದೇಶದಲ್ಲಿ ತಯಾರಾದದ್ದು ಅಂತ ನಾನು ಕೇಳಲಿಲ್ಲ. ಇಲ್ಲಿ ಕೂತು ಅದನ್ನು ಕೇಳುವ ಮುಖ ನನಗಿಲ್ಲ.

ಹೋದ ವರ್ಷ ಮೊದಲು ಮಾತು ತೆಗೆದವರು ನಮ್ಮ ಕ್ಲಿನಿಕ್‌ನ ಯಜಮಾನರೇ. ಯಹೂದಿ ಮನೆತನದವರು, ಪಕ್ಕದ ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮನೆ. ಇಸ್ರೇಲಿನ ಮೇಲೆ ನಡೆದ ಆ ಅಕ್ಟೋಬರ್ ದಾಳಿಯಲ್ಲಿ ಅವರ ಅಕ್ಕನ ಮಗನ ಜೀವದ ಗೆಳೆಯ ಸತ್ತ. ಆ ಮನೆಯ ನೋವು ಇನ್ನೂ ಆರಿಲ್ಲ. ಆದರೂ ಹನಾನ್ ಎದುರು ಬಂದು ನಿಂತು, ಮಗುವನ್ನು ಕರೆಸು, ಕಾಲು ನಾವು ಮಾಡಿಕೊಡೋಣ ಎಂದರು.

ಉಳಿದದ್ದು ವೀಸಾ. ಅದಕ್ಕೆ ನಾನಿದ್ದೇನಲ್ಲ!

ವೀಸಾ ವಿಷಯದಲ್ಲಿ ನಮ್ಮವರಷ್ಟು ಪಳಗಿದವರು ಭೂಮಿ ಮೇಲೆ ಯಾರಿದ್ದಾರೆ ಹೇಳಿ? ಭಾವಮೈದುನನಿಗೆ, ಅವನ ಗೆಳೆಯರಿಗೆ, ಅವರ ಹೆಂಡಂದಿರಿಗೆ, ಎಲ್ಲರಿಗೂ ಸ್ಟ್ಯಾಂಪಿಂಗ್ ಇಂಟರ್‌ವ್ಯೂಗೆ ಮುಂಚೆ ಕೋಚಿಂಗ್ ಕೊಟ್ಟ ಮನುಷ್ಯ ನಾನು. ಸರಿಯಾಗಿ ತಯಾರಿ ಮಾಡಿಕೊಂಡು ಹೋದರೆ ವೀಸಾ ಸಿಕ್ಕೇ ಸಿಗುತ್ತದೆ ಅನ್ನುವುದು ನನ್ನ ನಂಬಿಕೆ.

ಸಲ್ಮಾಳ ತಾಯಿಗೂ ವಿಡಿಯೋ ಕಾಲ್‌ನಲ್ಲಿ ಶುರು ಹಚ್ಚಿಕೊಂಡೆ. ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ತಡವರಿಸಬೇಡಿ. ವಾಪಸ್ ಹೋಗುತ್ತೀರಾ ಅಂತ ಕೇಳಿದರೆ, ನಮಗೆ ಅಲ್ಲಿ ಸ್ವಂತ ಮನೆ ಇದೆ ಅನ್ನಿ.

ಹನಾನ್ ಅರಬ್ಬಿಯಲ್ಲಿ ಹೇಳಿದಳು. ಆಮೇಲೆ ಆಯಮ್ಮ ಮೆಲ್ಲಗೆ ಕೇಳಿದರಂತೆ, ಯಾವ ಮನೆ ಅಂತ...

ಟೆಂಟ್‌ನಲ್ಲಿ ಕೂತವರಿಗೆ ಹೇಳುವ ಮಾತೇ ಅದು? ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ!

ಅವತ್ತೇ ಟೇಪ್ ಹಿಡಿಸಿ ಸಲ್ಮಾಳ ಬಲಪಾದದ ಅಳತೆ ತೆಗೆಸಿ, ಫೋಟೋ ತರಿಸಿಕೊಂಡೆ. ಮಿಕ್ಕ ಕೆಲಸವೆಲ್ಲ ಮಗು ಎದುರಿಗೆ ಬಂದ ಮೇಲೆ ಆಗಬೇಕು. ಪಾದವನ್ನು ಮಾತ್ರ ಮೊದಲೇ ತರಿಸಿಡಬಹುದು. ಬಲಗಾಲಿಗೆ ಜೋಡಿಯಾಗುವ ಒಂದು ಪುಟ್ಟ ಕೃತಕ ಪಾದ ತರಿಸಿ ನನ್ನ ಶೆಲ್ಫ್‌ನಲ್ಲಿಟ್ಟೆ.

ಮಗು ಇಲ್ಲಿಗೆ ಬರಬೇಕಾದರೆ ಇಸ್ರೇಲ್ ಹೊರಗೆ ಬಿಡಬೇಕು, ಈಜಿಪ್ಟ್ ಗೇಟ್ ತೆಗೆಯಬೇಕು, ಅಮೆರಿಕ ವೀಸಾ ಕೊಡಬೇಕು. ಒಬ್ಬರು ಹೂಂ ಅಂದಾಗ ಇನ್ನೊಬ್ಬರು ಉಹೂಂ. ಟಿವಿ ಹಾಕಿದರೆ ಕತಾರ್‌ನಲ್ಲಿ ಮಾತುಕತೆ, ಯುರೋಪಿನಲ್ಲಿ ಖಂಡನೆ, ಸೂಟ್ ಹಾಕಿದವರ ಕೈಕುಲುಕಾಟ. ಇಲ್ಲಿಂದ ಅಲ್ಲಿಗೆ ಬಾಂಬ್ ಹೋಗುವ ದಾರಿಯನ್ನು ಮಾತ್ರ ಯಾರೂ ಮುಚ್ಚಲಿಲ್ಲ.

ಆಮೇಲೆ ಒಂದು ದಿನ ಇಲ್ಲಿಯ ಸರ್ಕಾರ ಗಾಜಾದವರಿಗೆ ವೀಸಾ ಕೊಡುವುದನ್ನೇ ನಿಲ್ಲಿಸಿತು. ಚಿಕಿತ್ಸೆಗೆ ಬರುವ ಮಕ್ಕಳಿಗೂ ಇಲ್ಲ. ಇಂಟರ್‌ವ್ಯೂ ಇದ್ದರೆ ತಾನೇ ನನ್ನ ಕೋಚಿಂಗ್!

ಯಜಮಾನರು ತಮ್ಮ ಕಾಂಗ್ರೆಸ್ ಪ್ರತಿನಿಧಿಯ, ಅಂದರೆ ಇಲ್ಲಿಯ ಎಂಪಿಯ, ಆಫೀಸಿಗೆ ಫೋನ್ ಮೇಲೆ ಫೋನ್ ಮಾಡಿದರು. ನಿಮ್ಮ ಅಭಿಪ್ರಾಯ ತಲುಪಿಸುತ್ತೇವೆ ಎಂಬ ಅದೇ ಸಿಹಿ ಉತ್ತರ. ನಾನೂ ಮಾಡೇಬಿಡುತ್ತೇನೆ ಅಂತ ಮನೆಯಲ್ಲಿ ಫೋನ್ ಎತ್ತಿದರೆ ನನ್ನ ಹೆಂಡತಿ ಸುನಂದಾ ಕೈ ಹಿಡಿದುಕೊಂಡಳು.

“ನಿಮ್ಮ ಹೆಸರು ಕೇಳ್ತಾರ್ರೀ. ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಐತಿ. ನಾಳೆ ನಮ್ಮನ್ನ ಹೊರಗ ಹಾಕಿದ್ರ ಮಗಳ ಗತಿ ಏನು?”

“ಆ ಹುಡುಗಿ ಗತಿ ಏನು ಮತ್ತ?”

“ನನಗ ಸಂಕಟ ಆಗಂಗಿಲ್ಲೇನ್ರೀ?” ಎಂದವಳೇ ಅತ್ತುಬಿಟ್ಟಳು.

ನಾನು ಫೋನ್ ಕೆಳಗಿಟ್ಟೆ. ಹೆದರಿಕೆ ಅವಳೊಬ್ಬಳದೇ ಆಗಿರಲಿಲ್ಲ.

ಈಗ ಬೇರೆ ಯಾವುದೋ ದೇಶ ಸಲ್ಮಾಳನ್ನು ಕರೆಸಿಕೊಳ್ಳಬಹುದು ಅಂತ ಒಂದು ಸುದ್ದಿ. ನಿಜವೋ ಸುಳ್ಳೋ ದೇವರೇ ಬಲ್ಲ. ಹಾಗೇನಾದರೂ ಆದರೆ ಪಾದವನ್ನು ಅಲ್ಲಿಗೆ ಕಳಿಸೋಣ ಎಂದರು ಯಜಮಾನರು.

ಹನಾನ್‌ಗೆ ನಾನೇ ಹೇಳಿದ್ದೆ, ಹೊಸ ಅಳತೆ ತರಿಸು ಅಂತ. ವರ್ಷದ ಮೇಲಾಯಿತು, ಮಕ್ಕಳ ಕಾಲು ಸುಮ್ಮನಿರುತ್ತದೆಯೇ? ನನ್ನ ಮಗಳಿಗೂ ಅದೇ ವಯಸ್ಸು. ತಂದ ಸ್ನೋ ಬೂಟ್ಸ್ ಮಾರ್ಚ್ ಬರುವುದರೊಳಗೆ “ಡ್ಯಾಡಿ, ಇಟ್ಸ್ ಟೂ ಟೈಟ್” ಅನ್ನುತ್ತಾಳೆ. ಶೆಲ್ಫ್‌ನಲ್ಲಿರುವ ಪಾದ ಚಿಕ್ಕದಾಗಿರುತ್ತದೆ, ದೊಡ್ಡದು ತರಿಸಬೇಕಾಗುತ್ತದೆ ಅಂತ ಹೇಳಿಟ್ಟಿದ್ದೆ. ಪಾಪ, ಹನಾನ್ ಅದಕ್ಕೂ ಬೇಜಾರು ಮಾಡಿಕೊಂಡಿದ್ದಳು.

ಮೊನ್ನೆ ಬಂದದ್ದು ಆ ಹೊಸ ಅಳತೆ.

ರೊಟ್ಟಿ ಪಕ್ಕಕ್ಕಿಟ್ಟು ಫೋನ್ ಇಸಿದುಕೊಂಡೆ. ಟೇಪಿನ ಮೇಲೆ ಸಲ್ಮಾಳ ಬಲಪಾದ. ಬೆರಳುಗಳು ಕಡ್ಡಿಯಾಗಿವೆ. ಫೋಟೋ ದೊಡ್ಡದು ಮಾಡಿ ನೋಡಿದೆ. ನನ್ನ ಫೋನಿನಲ್ಲಿದ್ದ ಹಳೆಯ ಫೋಟೋ ತೆಗೆದು ಪಕ್ಕದಲ್ಲಿಟ್ಟು ಮತ್ತೆ ನೋಡಿದೆ.

ಅದೇ ಅಳತೆ. ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲ.

ಹಿಟ್ಟಿನ ಲಾರಿಗಳು ಗಡಿಯಲ್ಲಿ ನಿಂತೇ ಇದ್ದವಲ್ಲ, ದೊಡ್ಡವರೆಲ್ಲ ಕೈಕುಲುಕುತ್ತಾ ಇದ್ದರಲ್ಲ, ಆ ವರ್ಷದಲ್ಲಿ ಈ ಮಗು ಬೆಳೆದೇ ಇಲ್ಲ. ಹೊಟ್ಟೆಗಿದ್ದರೆ ತಾನೇ ಬೆಳೆಯುವುದು...

ಹನಾನ್ ಮಾತ್ರ ಶೆಲ್ಫ್‌ನಿಂದ ಆ ಪುಟ್ಟ ಪಾದ ತೆಗೆದು ಎದೆಗೊತ್ತಿಕೊಂಡು ನಿಂತಿದ್ದಾಳೆ. ಹಾಗಾದರೆ ಇದೇ ಆಗುತ್ತೆ ಅಲ್ವಾ, ಇದೇ ಸಾಕಲ್ವಾ ಅಂತ ನಗುನಗುತ್ತಾ ಕೇಳುತ್ತಿದ್ದಾಳೆ.

ಆಗುತ್ತೆ ಎಂದೆ.

ನೀವಾಗಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?