ಗಾಳಿಬಟ್ಟಲಿಗೆ ಕೊಬ್ಬರಿ ಎಣ್ಣೆ

ಸಂತೆಬಾಚಹಳ್ಳಿಯ ಮೌನೇಶಾಚಾರಿ ಮೂವತ್ತು ವರ್ಷ ಚಿನ್ನ ತೂಗಿದವರು. ಊರಿನ ಹೆಣ್ಣುಮಕ್ಕಳು ಪೇಟೆಯಲ್ಲಿ ಸಿದ್ಧ ಓಲೆ ಕೊಳ್ಳತೊಡಗಿದ ಮೇಲೆ ಅವರ ಅಗ್ಗಿಷ್ಟಿಕೆ ತಣ್ಣಗಾಯಿತು. ಈಗ ನಾಗಮಂಗಲದ ಕಡೆಯ ಗುಡ್ಡದ ಮೇಲೆ ಗಾಳಿವಿದ್ಯುತ್ ಕಂಪನಿಯೊಂದು ನಿಲ್ಲಿಸಿರುವ ಎತ್ತರದ ಕಂಬವನ್ನು ನೋಡಿಕೊಳ್ಳುತ್ತಾರೆ.

ಕಂಬದ ತುದಿಯಲ್ಲಿ ಗಾಳಿಯ ವೇಗ ಅಳೆಯುವ ಎರಡು ಯಂತ್ರಗಳಿವೆ. ಇಬ್ಬರು ಬೇರೆ ಬೇರೆ ತಯಾರಕರವು. ಒಂದೊಂದಕ್ಕೂ ಮೂರು ಪುಟ್ಟ ಬಟ್ಟಲು. ಗಾಳಿ ಬೀಸಿದ ಹಾಗೆ ತಿರುಗುತ್ತವೆ. ಒಂದು ವರ್ಷ ಯಾವುದು ಸುಳ್ಳು ಹೇಳದೆ ತಿರುಗುತ್ತದೋ ಅದನ್ನೇ ಕಂಪನಿಯ ಉಳಿದ ಹನ್ನೊಂದು ಗುಡ್ಡಗಳಿಗೂ ಆರಿಸಬೇಕು. ಗಾಳಿಯ ಅಳತೆ ಚೂರು ತಪ್ಪಿದರೂ ವಿದ್ಯುತ್ತಿನ ಅಂದಾಜು ಅದರ ಮೂರರಷ್ಟು ತಪ್ಪುತ್ತದೆ. ಈ ಮಾತು ಆಚಾರಿಗೆ ಬೇಗ ಅರ್ಥವಾಗಿತ್ತು. ಗುಲಗಂಜಿಯ ತೂಕಕ್ಕೆ ಉಸಿರು ಬಿಗಿಹಿಡಿದು ಕುಳಿತವರು ಅವರು.

ಜನವರಿಯಲ್ಲಿ ಮೈಸೂರಿನಿಂದ ಎಂಜಿನಿಯರ್ ಚೈತನ್ಯ ಬಂದಳು.

"ಆಚಾರ್ರೇ, ಎಡಗಡೆಯದು ಕೆಟ್ಟಿದೆ. ಬೆಳಗ್ಗೆ ನಿಧಾನ, ಮಧ್ಯಾಹ್ನಕ್ಕೆ ಸರಿಹೋಗುತ್ತೆ. ಕಾರಣ ಸಿಗ್ತಿಲ್ಲ. ಸೋಮವಾರ ಅದನ್ನು ಬೇಡ ಅಂತ ಬರೆದುಬಿಡ್ತೀನಿ."

ಮರುದಿನ ಬೆಳಗ್ಗೆ ಹೆಂಡತಿ ಲಲಿತಮ್ಮ ತಲೆ ಬಾಚಲು ಕೂತು, ಹೆಪ್ಪುಗಟ್ಟಿದ ಕೊಬ್ಬರಿ ಎಣ್ಣೆಯ ಸೀಸೆಯನ್ನು ಒಲೆಯ ಪಕ್ಕ ಇಟ್ಟರು. ಆಚಾರಿ ಆ ಬಿಳಿ ಎಣ್ಣೆ ಅಂಚಿನಿಂದ ಕರಗುವುದನ್ನೇ ನೋಡುತ್ತಾ ನಿಂತರು.

"ಯಾಕಂಗ್ ನಿಂತ್ಬುಟ್ರಿ?"

"ಆಯುಧಪೂಜೆ ದಿನ ಕಂಬ ಅತ್ತಿದ್ನಲ್ಲ... ಎರಡಕ್ಕೂ ಕುಂಕುಮ ಇಟ್ಟು, ಒಂದೊಂದ್ ತೊಟ್ಟು ಎಣ್ಣೆ ಬುಟ್ಟಿದ್ದೆ ಕಣೆ. ಇದೇ ಎಣ್ಣೆ."

ತಂದೆಯ ಕಾಲದಿಂದಲೂ ಆ ದಿನ ಚಿಮಟಕ್ಕೆ, ಸುತ್ತಿಗೆಗೆ, ತಕ್ಕಡಿಯ ಮುಳ್ಳಿಗೆ ಎಣ್ಣೆ ಸವರಿಯೇ ಪೂಜೆ. ಅನ್ನ ಕೊಡುವ ಬಟ್ಟಲನ್ನು ಒಣಗಿಸಿ ಬಿಡಲು ಮನಸ್ಸು ಬಂದಿರಲಿಲ್ಲ. ಬಲಗಡೆಯ ಯಂತ್ರದ ಬೇರಿಂಗಿಗೆ ಮುಚ್ಚಳವಿತ್ತು, ಎಣ್ಣೆ ಹೊರಗೇ ಜಾರಿತ್ತು. ಮುಚ್ಚಳವಿಲ್ಲದ ಎಡಗಡೆಯದು ಕುಡಿದಿತ್ತು.

"ಅಂಗಾರೆ ಆ ಮಿಷಿನ್ನು ಕೆಟ್ಟಿಲ್ಲ?"

"ಇಲ್ಲ. ಚಳಿಗೆ ಕಟ್ಕೊಂಡದೆ."

"ಏಳ್ಬುಡಿ ಆ ಉಡುಗೀಗೆ."

"ಕೆಲ್ಸದಿಂದ ತೆಗುದ್ರೆ?"

ಲಲಿತಮ್ಮ ಸೀಸೆಯನ್ನು ಅಲ್ಲಾಡಿಸಿ ನೋಡಿ ಮತ್ತೆ ಒಲೆಯ ಪಕ್ಕಕ್ಕಿಟ್ಟರು. "ಸೋಮ್ವಾರ ಅವ್ಳು ಬರ್ದ್ಬುಟ್ಮೇಲೆ ನಿಮ್ಗೆ ಗುಡ್ಡದ್ ಮ್ಯಾಲೆ ನಿದ್ದೆ ಬತ್ತದಾ, ಮನೇಲ್ ಬತ್ತದಾ?"

ಐವತ್ತರ ಹತ್ತಿರದಲ್ಲಿ ಸಿಕ್ಕ ಕೆಲಸ. ಅಪರಂಜಿಗೆ ತಾಮ್ರ ಬೆರೆಸಿದ ಎಂಬ ಮಾತನ್ನು ಒಮ್ಮೆಯೂ ಹೊರದ ಕೈ. ಆಚಾರಿ ಮೊಬೈಲನ್ನು ತೆಗೆದರು, ಒಳಗಿಟ್ಟರು. ಕೊನೆಗೆ ಬಸ್ಸು ಹತ್ತಿ ಗುಡ್ಡಕ್ಕೇ ಹೋದರು.

ಕಂಬದ ಬುಡದಲ್ಲಿದ್ದ ಚೈತನ್ಯ ಪೂರ್ತಿ ಕೇಳಿದಳು. ಬೈಯಲಿಲ್ಲ. ತಲೆಯೆತ್ತಿ ತುದಿಯ ಯಂತ್ರಗಳನ್ನು ನೋಡಿದಳು.

"ಎರಡಕ್ಕೂ ಹಾಕಿದ್ರಾ?"

"ಒಂದುಕ್ಕಾಕಿ ಒಂದುನ್ ಬುಡಕಾಯ್ತದಾ ತಾಯಿ?"

ಅವಳಿಗೆ ನಗು ಬಂತು, ತಡೆದುಕೊಂಡಳು. ಕಂಬದ ದಿನಚರಿ ಪುಸ್ತಕವನ್ನು ಅವರತ್ತ ಸರಿಸಿದಳು. "ನಿಮ್ಮ ಕೈಯಲ್ಲೇ ಬರೀರಿ. ಎಡಗಡೆಗೆ ಅದೇ ತಯಾರಕರ ಹೊಸದು ಹಾಕಿ, ಮೊದಲಿಂದ ಅಳೆಯೋಣ. ಆದರೆ ಅದಕ್ಕೆ ಮುಚ್ಚಳ ಇಲ್ಲ ಅನ್ನೋದನ್ನೂ ನಾನು ಬರೀತೀನಿ. ಹನ್ನೊಂದು ಗುಡ್ಡದಲ್ಲೂ ಯಾರೋ ಒಬ್ಬರು ಎಣ್ಣೆ ಹಾಕೇ ಹಾಕ್ತಾರೆ."

ಆಚಾರಿ ದಪ್ಪ ಅಕ್ಷರದಲ್ಲಿ ತಾರೀಖು, ಎಣ್ಣೆ, ತಮ್ಮ ಹೆಸರು ಬರೆದರು. ವಾರದ ನಂತರ ಕಂಪನಿಯ ಉತ್ತರ ಬಂತು: ಕೆಲಸ ಇರುತ್ತದೆ, ಆದರೆ ಕಂಬ ಏರುವ ಮುನ್ನ ಪ್ರತಿಸಲ ಕಾವಲುಗಾರನಿಗೆ ಜೇಬು, ಚೀಲ ತೋರಿಸಬೇಕು.

ಹೊಸ ಯಂತ್ರ ಏರಿಸುವ ದಿನ ಆಚಾರಿ ಎರಡೂ ಜೇಬು ಹೊರಗೆಳೆದು ನಿಂತರು. ಮುಖ ಕೆಂಪಾಗಿತ್ತು. ಕಾವಲುಗಾರ ಧರ್ಮೇಂದ್ರ ನೋಡಲಾರದೆ ನೆಲ ನೋಡಿದ.

"ಎಣ್ಣೆ ಗಿಣ್ಣೆ ಅದಾ ಆಚಾರ್ರೇ?"

"ತಲೇಲದೆ ಕಣ್ಲಾ. ವರುಸ್ಕೊಂಡ್ ಅತ್ಲಾ?"

ಧರ್ಮೇಂದ್ರ ನಕ್ಕು ಆಚಾರಿಯ ಸೊಂಟದ ಸುರಕ್ಷಾ ಪಟ್ಟಿಯ ಕೊಂಡಿಯನ್ನು ತಾನೇ ಬಿಗಿದ. ಆಚಾರಿ ಕೈಗಳನ್ನು ಪ್ಯಾಂಟಿಗೆ ಎರಡೆರಡು ಸಲ ಒರೆಸಿಕೊಂಡು, ಏಣಿ ಹಿಡಿದರು.