ಹಸಿ ಮೆಂತ್ಯದ ಗೆಳತಿ

ನಮ್ಮೂರು ಸೊರಟೂರು ಇನ್ನೂ ಮುಂಬೈ ರಾಜ್ಯದಲ್ಲಿದ್ದಾಗ, ಒಂದನೇ ಇಯತ್ತೆಯಲ್ಲಿ ಅವಳು ನನ್ನ ಪಕ್ಕ ಕೂಡುತ್ತಿದ್ದಳು. ಮಧ್ಯಾಹ್ನ ಬುತ್ತಿ ಬಿಚ್ಚಿ, ಜೋಳದ ರೊಟ್ಟಿಯೊಳಗೆ ಹಸಿ ಮೆಂತ್ಯದ ತಪ್ಪಲು ಸುತ್ತಿ, ಕಣ್ಣು ಮುಚ್ಚಿ ಅಗಿಯುವಳು.

"ಏನ್ ರುಚಿ ಐತಿ ಲೇ!" ದಿನಾ ಅದೇ ಮಾತು.

ಮನೆಯಲ್ಲಿ ಮೆಂತ್ಯ ಕಂಡರೆ ಮುಖ ತಿರುಗಿಸುತ್ತಿದ್ದ ನಾನು, ಅವಳನ್ನು ನೋಡಿ ನೋಡಿ ತಿನ್ನತೊಡಗಿದೆ. ನನ್ನ ಬುತ್ತಿಗೂ ಅದನ್ನೇ ಕಟ್ಟೆಂದಾಗ ಅವ್ವ ಬೆರಗಾದಳು.

ಅವರ ಮನೆಯವರು ದುಡಿಯಲು ಗದಗಿಗೆ ಹೊರಡುವ ಹಿಂದಿನ ದಿನ ಅವಳು ಮೆಲ್ಲಗೆ ಅಂದಳು: "ನನಗ ಮೆಂತೆ ಸೇರಂಗಿಲ್ಲ ಲೇ. ಮನ್ಯಾಗ ಬ್ಯಾರೆ ಏನೂ ಇರಂಗಿಲ್ಲ. ನೀ ನೋಡ್ತಿದ್ದಿ, ಅದಕ್ಕ ಹಂಗ ಅಂತಿದ್ನಿ."

ಮರುದಿನ ಪಕ್ಕದ ಜಾಗ ಖಾಲಿ ಇತ್ತು. ತಿನ್ನತೊಡಗಿದ ಮೇಲೆ ಮೆಂತ್ಯ ಮೊದಲ ಸಲ ಕಹಿಯಾಯಿತು. ಕಣ್ಣು ಮುಚ್ಚಿ ತಿಂದೆ. ಇವತ್ತಿಗೂ ಹಾಗೆಯೇ ತಿನ್ನುತ್ತೇನೆ.