ಅಪ್ಪನಿಗೆ ನಾನು ಕೊಡಿಸಿದ ಜಾಮೀನು

ಅಕ್ಕನಿಗೆ ಮೂವತ್ತು ದಾಟಿದೆ. ಅಂಗಳದಲ್ಲಿ ಅಪ್ಪನ ಸ್ಕೂಟರ್ ನಿಂತ ಸದ್ದಾದರೆ ಈಗಲೂ ಅವಳು ಕೈಯ ಲೋಟ ಕೆಳಗಿಟ್ಟು ಒಳಕೋಣೆಗೆ ಹೋಗುತ್ತಾಳೆ. ಎಂಟನೆಯ ವಯಸ್ಸಿನಲ್ಲಿ, ಮಾರ್ಕು ಕಡಿಮೆಯಾಯಿತೆಂದು, ಅಪ್ಪ ಗಾಂಧಾರಿ ಮೆಣಸಿನಕಾಯಿ ಅರೆದು ಅವಳ ಕಣ್ಣಿಗೆ ಹಚ್ಚಿದ್ದರು. ಒಂದು ಸಲವಲ್ಲ. ನಮ್ಮಲ್ಲಿ ಅದಕ್ಕೆ ಶಿಸ್ತು ಎನ್ನುತ್ತಿದ್ದರು. ನೆರೆಯವರು ತಮ್ಮ ಹಿತ್ತಿಲಿನ ಮೆಣಸನ್ನೇ ಕೊಯ್ದು ಕೊಟ್ಟದ್ದೂ ಉಂಟು.

ಕಳೆದ ವರ್ಷ ಅವಳು ಕೆಲಸಕ್ಕೆ ಹೋಗುವುದನ್ನು ಬಿಟ್ಟಳು. ಕಾರಣವಿಲ್ಲದೆ ಎದೆ ಹಿಡಿದುಕೊಂಡು ಕೂರುತ್ತಿದ್ದಳು. ಮನೆಯವರು ಮಾಡಿದ ಮೊದಲ ಕೆಲಸ ಜೋಯಿಸರನ್ನು ಕರೆಸಿ ಪ್ರಶ್ನೆ ಇಡಿಸಿದ್ದು. ವೇಣೂರಿನ ಕಡೆಯ ಜೋಯಿಸರು ಕವಡೆ ಸರಿಸಿ, ಹಿಂದಿನ ತಲೆಮಾರಿನಲ್ಲಿ ಯಾರೋ ನೊಂದು ಸತ್ತಿದ್ದಾರೆ, ಆ ದೋಷ ಈ ಹುಡುಗಿಯ ಮೇಲಿದೆ ಎಂದರು. ಅಪ್ಪ ಕೈಮುಗಿದರು. ಅವರ ಮುಖದಲ್ಲಿ ನನಗೆ ಕಂಡದ್ದು ಭಕ್ತಿಯಲ್ಲ, ನೆಮ್ಮದಿ.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವನು ನಾನು, ಸುಮ್ಮನಿರುತ್ತೇನೆಯೆ? ಮೂಡುಬಿದಿರೆಯ ಮನೋವೈದ್ಯರೊಬ್ಬರನ್ನು ಮೊದಲೇ ಕಂಡು ಬಂದಿದ್ದೆ. ಜೋಯಿಸರು ಹೊರಟ ಮೇಲೆ ಚಾವಡಿಯಲ್ಲೇ ಶುರುಮಾಡಿದೆ. ಬಾಲ್ಯದ ಹೆದರಿಕೆ ನಮ್ಮ ಜೀನನ್ನು, ಅಂದರೆ ವಂಶವಾಹಿಯನ್ನು, ಬದಲಿಸುವುದಿಲ್ಲ, ಅದನ್ನು ಆನ್ ಆಫ್ ಮಾಡುವ ಸ್ವಿಚ್ಚುಗಳನ್ನು ಬದಲಿಸಬಲ್ಲದು. ಅಪಾಯ ಮುಗಿದರೂ ಮೈ ಅದನ್ನು ನಂಬುವುದಿಲ್ಲ. ಇಲಿಗಳಲ್ಲಿ ಅದು ಮರಿಗಳಿಗೂ ದಾಟಿದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮನುಷ್ಯರಲ್ಲಿ ಹಾಗೆ ದಾಟುತ್ತದೆಯೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ ಎಂದೂ ಡಾಕ್ಟರು ಹೇಳಿದ್ದರು. ಆ ಮಾತನ್ನು ನಾನು ನುಂಗಿಕೊಂಡೆ. ಗೆಲ್ಲಲು ಹೊರಟವನು ತನ್ನ ವಾದದ ತೂತನ್ನು ತಾನೇ ತೋರಿಸುವುದಿಲ್ಲ.

ಅಪ್ಪ ಎಂದೂ ಇಲ್ಲದ ಗಮನದಿಂದ ಕೇಳಿದರು.

"ಅಂದ್ರೆ ಅಪ್ಪನಿಂದ ಮಗನಿಗೂ ಬರ್ತದೆ?"

"ಬರ್ತದೆ."

"ನನ್ನ ಅಪ್ಪ ನನ್ನನ್ನು ಕಂಬಕ್ಕೆ ಕಟ್ಟಿ ಹೊಡೀತಿದ್ರು. ಹಾಗಾದ್ರೆ ನನ್ನ ಸಿಟ್ಟು ನನ್ನದಲ್ಲ. ಜೋಯಿಸರು ಹೇಳಿದ್ದೂ ಅದೇ ಅಲ್ವಾ ಮಾರಾಯ? ನೀನು ಸೈನ್ಸಲ್ಲಿ ಹೇಳಿದಿ, ಅಷ್ಟೆ."

"ಮತ್ತೆ ಡಾಕ್ಟರು ಯಾಕೆ?" ಎಂದರು ಅಮ್ಮ. "ಪರಿಹಾರ ಮಾಡಿಸುವ."

ಅಡುಗೆಮನೆಯ ಬಾಗಿಲಲ್ಲಿದ್ದ ಅಕ್ಕ ಮುಂದೆ ಬಂದಳು.

"ಇಷ್ಟೊತ್ತು ಇಲಿಯ ಕತೆ ಹೇಳಿದಿಯಲ್ಲ, ಮೆಣಸು ಹಚ್ಚಿದ್ದು ಯಾರು ಅಂತ ಒಂದು ಸಲ ಹೇಳಿದ್ಯಾ? ನೀನು ಎಂತ, ಅಪ್ಪನ ವಕೀಲನಾ?" ಆಮೇಲೆ ಅಪ್ಪನತ್ತ ತಿರುಗಿದಳು. "ಕಂಬಕ್ಕೆ ಕಟ್ಟಿದಾಗ ನಿಮಗೆ ನೋವಾಗಿತ್ತಲ್ಲ? ಅಂದ್ರೆ ನಿಮಗೆ ಗೊತ್ತಿತ್ತು."

"ಹಳೇದೆಲ್ಲ ಈಗ ಯಾಕೆ," ಎಂದು ಅಪ್ಪ ಎದ್ದು ಪಂಚಾಂಗ ಹುಡುಕಲು ಹೋದರು.

ಮರುವಾರ ನಮ್ಮ ಸಿದ್ಧಕಟ್ಟೆ ಪೇಟೆಯಲ್ಲಿ ಅಕ್ಕ ಮೂಡುಬಿದಿರೆಯ ಬಸ್ಸಿಗೆ ಕಾಯುತ್ತಿದ್ದಳು. ನಾನೂ ಬರುತ್ತೇನೆ ಎಂದೆ.

"ಬೇಡ. ಡಾಕ್ಟರ ಹತ್ತಿರ ನನ್ನದನ್ನು ನಾನೇ ಹೇಳ್ತೇನೆ."

ಅವಳು ಈಗಲೂ ಒಬ್ಬಳೇ ಹೋಗಿಬರುತ್ತಾಳೆ. ಇತ್ತ ಅಪ್ಪ, ಮನೆಗೆ ಬಂದವರಿಗೆಲ್ಲ ಸ್ವಿಚ್ಚಿನ ವಿಚಾರ ವಿವರಿಸುತ್ತಾರೆ. ನನಗಿಂತ ಚೆನ್ನಾಗಿಯೇ ವಿವರಿಸುತ್ತಾರೆ.